ಚಳಿಗೆ ಹಾರದ ಪೆಟ್ರೋಲು

ಜನವರಿಯ ಒಂದು ಭಾನುವಾರ, ಬೆಳಗಿನ ಆರೂವರೆ. ಹುಸೇನ್ ಸಾಗರದ ಉತ್ತರ ದಡದಲ್ಲಿ ನಿಂತಿದ್ದೆ. ನೀರು ಕಾಣುತ್ತಿರಲಿಲ್ಲ, ಮಂಜಿನ ಮೇಲೆ ಬುದ್ಧನ ಪ್ರತಿಮೆಯ ತಲೆ ಮತ್ತು ಭುಜ ಮಾತ್ರ ತೇಲುತ್ತಿದ್ದವು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಹೈದರಾಬಾದು, ಸಂಕ್ರಾಂತಿಯ ಆಸುಪಾಸಿನ ಕೆಲವು ಬೆಳಗುಗಳಲ್ಲಿ 10 ಡಿಗ್ರಿ ಸೆಲ್ಸಿಯಸ್‌ವರೆಗೂ ಇಳಿಯುತ್ತದೆ. ಅಂಥದೇ ಬೆಳಗು ಅದು.

ದಡದಲ್ಲಿ ಹತ್ತು ಹನ್ನೆರಡು ಮಕ್ಕಳು ತಮ್ಮ ಪುಟ್ಟ ಹಾಯಿದೋಣಿಗಳಿಗೆ ಹಗ್ಗ ಬಿಗಿಯುತ್ತಿದ್ದರು. ಎರಡು ಮೀಟರಿಗಿಂತ ತುಸುವೇ ಉದ್ದದ ಈ ದೋಣಿಗೆ ಆಪ್ಟಿಮಿಸ್ಟ್ ಎಂದು ಹೆಸರು. ಜೋರುಗಾಳಿ ಬಂದರೆ ಮಗುಚುತ್ತದೆ. ಮಗುಚಿದಾಗ ಮಗುವಿನ ಹತ್ತಿರ ಯಾರಾದರೂ ಬೇಗ ತಲುಪಬೇಕು. ಅದಕ್ಕೇ ರಕ್ಷಣಾದೋಣಿಯ ಎಂಜಿನ್ ಚಾಲೂ ಆಗುವವರೆಗೆ ಒಂದು ಹಾಯಿದೋಣಿಯೂ ನೀರಿಗಿಳಿಯುವಂತಿಲ್ಲ. ಅವತ್ತು ಎಂಜಿನ್ ಚಾಲೂ ಆಗುತ್ತಿರಲಿಲ್ಲ.

ದೋಣಿಯ ಹಿಂಬದಿಗೆ ಸಿಕ್ಕಿಸಿದ ಹದಿನೈದು ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಅದು. ಕಾರ್ಬುರೇಟರ್ ಇರುವ ಹಳೆಯ ಮಾದರಿ, ಹಗ್ಗ ಎಳೆದು ಚಾಲೂ ಮಾಡುವಂಥದು. ಮೆಕ್ಯಾನಿಕ್ ಬೀದರ್ ಕಡೆಯವರು. ನಲವತ್ತು ವರ್ಷದಿಂದ ಈ ಊರಲ್ಲಿದ್ದಾರೆ. ಎಲ್ಲರಿಗೂ ಅವರು ‘ಉಸ್ತಾದ್’. ಎಳೆದರು, ಮತ್ತೆ ಎಳೆದರು. ಎಂಟನೇ ಎಳೆತಕ್ಕೆ ಎಂಜಿನ್ ಒಮ್ಮೆ ಕೆಮ್ಮಿತು. ಹನ್ನೊಂದನೆಯದಕ್ಕೆ ಗಡಗಡ ಎಂದು ನೀಲಿ ಹೊಗೆ ಉಗುಳಿ ಎದ್ದಿತು. ಎಂಟು ಗಂಟೆಗೆ ಅದೇ ಎಂಜಿನ್ನನ್ನು ನಿಲ್ಲಿಸಿ ಮತ್ತೆ ಎಳೆದಾಗ ಅರ್ಧ ಎಳೆತಕ್ಕೇ ಎದ್ದುಬಿಟ್ಟಿತು. ಪೆಟ್ರೋಲು ಅದೇ, ಪ್ಲಗ್ಗು ಅದೇ, ಎಳೆದ ತೋಳೂ ಅದೇ. ಹಾಗಾದರೆ ಬದಲಾದದ್ದೇನು?

ಈ ಒಗಟು ನಿಮಗೆ ಅರ್ಧ ಗೊತ್ತೇ ಇದೆ. ಮನೆಯಲ್ಲಿ ಹಳೆಯ ಸ್ಕೂಟರ್ ಇದ್ದವರು ಡಿಸೆಂಬರಿನ ಬೆಳಗ್ಗೆ ಅಪ್ಪನೋ ಮಾವನೋ ಅದನ್ನು ಒಂದು ಮಗ್ಗುಲಿಗೆ ವಾಲಿಸಿ, ಒಂದೆರಡು ಕ್ಷಣ ಹಾಗೇ ಹಿಡಿದು, ನೆಟ್ಟಗೆ ನಿಲ್ಲಿಸಿ, ಚೋಕ್ ಎಳೆದು ಒದೆಯುವುದನ್ನು ನೋಡಿಯೇ ಇರುತ್ತೀರಿ. ಏಕೆ ವಾಲಿಸಬೇಕು ಎಂದು ಕೇಳಿದರೆ “ಎಣ್ಣೆ ಇಳಿಯಲಿ ಅಂತ” ಎನ್ನುತ್ತಿದ್ದರು. ಉತ್ತರ ತಪ್ಪಲ್ಲ, ಅರ್ಧ ಮಾತ್ರ. ಉಳಿದರ್ಧವನ್ನು ಆ ಬೆಳಗ್ಗೆ ಉಸ್ತಾದ್ ಒಂದೇ ಮಾತಿನಲ್ಲಿ ಹೇಳಿದರು: “ಎಣ್ಣಿ ಹೋಗ್ಲಕತ್ತದ್ರಿ ಸರ, ಆದ್ರ ಹಾರವಲ್ದು. ಥಂಡಿ ಭಾಳ ಅದ.”

ಪೆಟ್ರೋಲು ಹೋಗುತ್ತಿದೆ, ಹಾರುತ್ತಿಲ್ಲ. ಈ ಅಧ್ಯಾಯವೆಲ್ಲ ಆ ‘ಹಾರುವಿಕೆ’ಯ ಕುರಿತದ್ದು.

ದ್ರವ ಉರಿಯುವುದಿಲ್ಲ

ಪೂಜೆಯ ಕರ್ಪೂರದ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಏನಾಗುತ್ತದೆ? ತಿಂಗಳು ಕಳೆದು ನೋಡಿದರೆ ಬಿಲ್ಲೆಗಳು ಸವೆದಿರುತ್ತವೆ. “ಕರ್ಪೂರ ಹಾರಿಹೋಯಿತು” ಎನ್ನುತ್ತೇವೆ. ಎಷ್ಟು ಸರಿಯಾದ ಕ್ರಿಯಾಪದ! ಆವಿಯಾಗುವುದು ಎಂಬ ಪುಸ್ತಕದ ಮಾತಿಗಿಂತ ಅಡುಗೆಮನೆಯ ಈ ‘ಹಾರು’ ನಮ್ಮ ಕೆಲಸಕ್ಕೆ ಹೆಚ್ಚು ಒದಗುತ್ತದೆ. ಆರತಿ ತಟ್ಟೆಯಲ್ಲಿ ಉರಿಯುವುದೂ ಬಿಲ್ಲೆಯಲ್ಲ, ಬಿಲ್ಲೆಯಿಂದ ಹಾರಿದ ಆವಿ. ಜ್ವಾಲೆಯನ್ನು ಹತ್ತಿರದಿಂದ ನೋಡಿ: ಬಿಲ್ಲೆಗೂ ಬೆಂಕಿಗೂ ನಡುವೆ ಕೂದಲೆಳೆಯಷ್ಟು ಖಾಲಿ ಜಾಗ ಕಾಣುತ್ತದೆ.

ಪೆಟ್ರೋಲಿಗೂ ಇದೇ ನಿಯಮ. ಬಕೆಟ್ಟಿನಲ್ಲಿ ತುಂಬಿದ ಪೆಟ್ರೋಲು ಎಷ್ಟೇ ಅಪಾಯಕಾರಿಯಾದರೂ ಆ ದ್ರವ ಸ್ವತಃ ಉರಿಯುವುದಿಲ್ಲ. ಅದರ ಮೇಲೆ ಹಾರಿ ಗಾಳಿಯೊಡನೆ ಬೆರೆತ ಆವಿ ಉರಿಯುತ್ತದೆ. ಆ ಬೆರಕೆಗೂ ಒಂದು ಹದ ಬೇಕು. ನೂರು ಪಾಲು ಬೆರಕೆಯಲ್ಲಿ ಪೆಟ್ರೋಲಿನ ಆವಿ ಸುಮಾರು ಒಂದೂವರೆ ಪಾಲಿಗಿಂತ ಕಡಿಮೆ ಇದ್ದರೆ ಕಿಡಿ ತಾಕಿದರೂ ಹೊತ್ತುವುದಿಲ್ಲ. ಏಳೂವರೆ ಪಾಲು ಮೀರಿದರೆ ಉರಿಯಲು ಆಮ್ಲಜನಕ ಸಾಲದೆ ಆಗಲೂ ಹೊತ್ತುವುದಿಲ್ಲ. ಈ ನಡುವಿನ ಜಾಗವನ್ನು ‘ಹೊತ್ತುವ ಕಿಂಡಿ’ ಎಂದು ಕರೆಯೋಣ. ಕಿಂಡಿ ಕಿರಿದು. ಎಂಜಿನ್ ಎದ್ದೇಳಬೇಕಾದರೆ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಆ ಕ್ಷಣಕ್ಕೆ, ಆ ತುದಿಯ ಸುತ್ತಲಿನ ಗಾಳಿ ಈ ಕಿಂಡಿಯೊಳಗೆ ಇರಲೇಬೇಕು.

ತೂಕದ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಲೀಟರಿಗೆ ತಿರುಗಿಸಿದರೆ ಅಂಕಿ ಬೆರಗು ಹುಟ್ಟಿಸುತ್ತದೆ: ಒಂದು ಲೀಟರ್ ಪೆಟ್ರೋಲಿಗೆ ಒಂಬತ್ತು ಸಾವಿರ ಲೀಟರಿನಷ್ಟು ಗಾಳಿ. ನಾವು ಎಂಜಿನ್ ಎಣ್ಣೆ ಕುಡಿಯುತ್ತದೆ ಎನ್ನುತ್ತೇವೆ. ಅದು ಕುಡಿಯುವುದಕ್ಕಿಂತ ಉಸಿರಾಡುವುದೇ ಬಹಳ ಹೆಚ್ಚು. ಆ ಗಾಳಿಯಲ್ಲಿ ಪೆಟ್ರೋಲು ಹನಿಯಾಗಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ಹಾರಿದ್ದಷ್ಟೇ ಲೆಕ್ಕ.

ಚಾರ್‌ಮಿನಾರಿನ ಅತ್ತರಿನ ಅಂಗಡಿ

ಚಾರ್‌ಮಿನಾರಿನ ಸುತ್ತ ಅತ್ತರಿನ ಅಂಗಡಿಗಳಿವೆ. ಅಂಗಡಿಯವರು ಗಾಜಿನ ಕಡ್ಡಿಯನ್ನು ಅತ್ತರಿನಲ್ಲಿ ಅದ್ದಿ ನಿಮ್ಮ ಮುಂಗೈ ಮೇಲೆ ಎಳೆಯುತ್ತಾರೆ. ಆಗ ಬರುವ ವಾಸನೆಯೇ ಬೇರೆ, ಹತ್ತು ನಿಮಿಷ ಬಿಟ್ಟು ಬರುವುದೇ ಬೇರೆ, ರಾತ್ರಿ ಮಲಗುವಾಗ ಕೈಯಲ್ಲಿ ಉಳಿದಿರುವುದು ಇನ್ನೂ ಬೇರೆ. ಏಕೆಂದರೆ ಅತ್ತರು ಒಂದು ವಸ್ತುವಲ್ಲ, ಹಲವು ವಸ್ತುಗಳ ಕೂಟ. ಹಗುರವಾದವು ಮೊದಲು ಹಾರುತ್ತವೆ. ಗಂಧದೆಣ್ಣೆಯಂಥ ಭಾರದವು ಅಂಟಿಕೊಂಡು ಉಳಿಯುತ್ತವೆ.

ಪೆಟ್ರೋಲೂ ಹೀಗೆಯೇ ಒಂದು ಕೂಟ. ನಾಲ್ಕು ಇಂಗಾಲದ ಪರಮಾಣುಗಳ ಪುಟ್ಟ ಸರಪಣಿಯಿಂದ ಹನ್ನೆರಡು ಇಂಗಾಲದ ಉದ್ದ ಸರಪಣಿಯವರೆಗೆ ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳು ಅದರಲ್ಲಿವೆ. ನೀರಿಗೆ ಇರುವ ಹಾಗೆ ಇದಕ್ಕೆ ಒಂದೇ ಕುದಿಬಿಂದು ಇಲ್ಲ. ಸುಮಾರು 30 ಡಿಗ್ರಿಯಲ್ಲಿ ಕುದಿಯಲು ಹಿಡಿದು 200 ಡಿಗ್ರಿ ದಾಟಿದರೂ ಕೊನೆಯ ಪಾಲು ಹಟ ಹಿಡಿದು ಕೂತಿರುತ್ತದೆ. ಮೊದಲು ಹಾರುವುದನ್ನು ‘ಹಗುರ ಪಾಲು’ ಎನ್ನೋಣ, ಕೊನೆಗೆ ಉಳಿಯುವುದನ್ನು ‘ಭಾರದ ಪಾಲು’. ಎಂಜಿನ್ ಬಿಸಿಯಾದ ಮೇಲೆ ಎರಡೂ ಹಾರುತ್ತವೆ, ಎರಡೂ ಉರಿಯುತ್ತವೆ. ಆದರೆ ತಣ್ಣಗಿರುವ ಎಂಜಿನ್ನಿಗೆ ಆಸರೆ ಹಗುರ ಪಾಲು ಒಂದೇ.

ಚಳಿ ಏನು ಮಾಡುತ್ತದೆ? ಅಣುಗಳ ಓಟವನ್ನು ತಗ್ಗಿಸುತ್ತದೆ. 38 ಡಿಗ್ರಿಯ ಮಧ್ಯಾಹ್ನ ಪೆಟ್ರೋಲಿನ ಆವಿಗೆ ಇರುವ ಒತ್ತಡ 10 ಡಿಗ್ರಿಯ ಬೆಳಗಿಗೆ ಅರ್ಧಕ್ಕೂ ಕೆಳಗೆ ಕುಸಿದಿರುತ್ತದೆ. ಅದರ ಮೇಲೆ ಇನ್ನೊಂದು ಏಟು. ಹಾರುವುದಕ್ಕೆ ಶಾಖ ಬೇಕು, ಆ ಶಾಖವನ್ನು ದ್ರವ ತನ್ನ ಸುತ್ತಲಿಂದಲೇ ಕಸಿಯುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಹೀಗೆಯೇ. ಒಂದಿಷ್ಟು ಪೆಟ್ರೋಲು ಹಾರಿದ ಕೂಡಲೇ ಉಳಿದ ಪೆಟ್ರೋಲೂ ಕಾರ್ಬುರೇಟರಿನ ಲೋಹವೂ ಇನ್ನಷ್ಟು ತಣ್ಣಗಾಗುತ್ತವೆ. ಅವತ್ತು ಎಂಜಿನ್ ಎದ್ದ ಐದು ನಿಮಿಷಕ್ಕೆ ಉಸ್ತಾದ್ ನನ್ನ ಬೆರಳನ್ನು ಹಿಡಿದು ಕಾರ್ಬುರೇಟರಿಗೆ ಮುಟ್ಟಿಸಿದರು. ಎಂಜಿನ್ ಬೆಚ್ಚಗಾಗುತ್ತಿತ್ತು, ಕಾರ್ಬುರೇಟರು ಮಾತ್ರ ಫ್ರಿಜ್ಜಿನಿಂದ ತೆಗೆದ ಲೋಟದಂತೆ ಕೊರೆಯುತ್ತಿತ್ತು. ಅದರ ಹೊರಮೈಯಲ್ಲಿ ಕೆರೆಯ ಮಂಜು ಸಣ್ಣ ಹನಿಗಳಾಗಿ ಕೂತಿತ್ತು. ಕಾರ್ಬುರೇಟರ್ ಇರುವ ಪುಟ್ಟ ವಿಮಾನಗಳಲ್ಲಿ ಇದು ವಿಪರೀತಕ್ಕೆ ಹೋಗುತ್ತದೆ; ಹೊರಗೆ 20 ಡಿಗ್ರಿ ಇದ್ದರೂ ತೇವದ ಗಾಳಿಯಲ್ಲಿ ಅದರ ಗಂಟಲಲ್ಲಿ ಮಂಜುಗಡ್ಡೆ ಕಟ್ಟುವುದುಂಟು.

ಸೊಳ್ಳೆ ಔಷಧಿಯ ಪಂಪು

ಗಾಳಿಗೆ ಪೆಟ್ರೋಲು ಬೆರೆಸುವ ಕೆಲಸ ಕಾರ್ಬುರೇಟರಿನದು. ಒಳಗೆ ಹಲವು ಸಣ್ಣ ತೂತು, ತಿರುಪುಗಳಿದ್ದರೂ ಅದರ ಮೂಲ ಉಪಾಯ ನಿಮ್ಮ ಅಜ್ಜಿಯ ಮನೆಯ ಅಟ್ಟದಲ್ಲಿ ಬಿದ್ದಿರಬಹುದು: ಸೊಳ್ಳೆಗೆ ಔಷಧಿ ಹೊಡೆಯುವ ಫ್ಲಿಟ್ ಪಂಪು. ಹಿಡಿಕೆ ತಳ್ಳಿದರೆ ಗಾಳಿ ಒಂದು ಕಿರುಗೊಳವೆಯ ಬಾಯಿಯ ಮೇಲೆ ರಭಸದಿಂದ ಹಾಯುತ್ತದೆ. ರಭಸದ ಗಾಳಿಯಲ್ಲಿ ಒತ್ತಡ ತಗ್ಗುತ್ತದೆ. ಡಬ್ಬಿಯೊಳಗಿನ ಔಷಧಿ ಕೊಳವೆಯಲ್ಲಿ ಮೇಲೇರಿ, ಗಾಳಿಗೆ ಸಿಕ್ಕಿ ಹೊಗೆಯಂತೆ ಚದುರುತ್ತದೆ.

ಕಾರ್ಬುರೇಟರಿನಲ್ಲಿ ತಳ್ಳುವ ಕೈ ಇಲ್ಲ, ಎಳೆಯುವ ಪಿಸ್ಟನ್ ಇದೆ. ಪಿಸ್ಟನ್ ಉಸಿರೆಳೆದಾಗ ಹೊರಗಿನ ಗಾಳಿ ಒಂದು ಕೊಳವೆಯೊಳಗೆ ನುಗ್ಗುತ್ತದೆ. ಕೊಳವೆಯ ಮಧ್ಯ ಡಮರುವಿನಂತೆ ಕಿರಿದಾದ ಸೊಂಟ. ಆ ಸೊಂಟದಲ್ಲಿ ಗಾಳಿ ಓಡಲೇಬೇಕು, ಓಡಿದಾಗ ಒತ್ತಡ ಇಳಿಯಲೇಬೇಕು. ಇಟಲಿಯ ಜೊವಾನ್ನಿ ವೆಂಚೂರಿ 1797ರಲ್ಲಿ ಇದನ್ನು ವಿವರಿಸಿದ್ದರಿಂದ ಈ ಸೊಂಟಕ್ಕೆ ಅವನ ಹೆಸರೇ ನಿಂತಿದೆ. ಸೊಂಟದೊಳಗೆ ತೆರೆದ ಸಣ್ಣ ರಂಧ್ರವೇ ಜೆಟ್. ಜೆಟ್ಟಿನ ಕೆಳಗೆ ಒಂದು ಬಟ್ಟಲು. ಅದರಲ್ಲಿ ಪೆಟ್ರೋಲಿನ ಮಟ್ಟ ಏರದಂತೆ, ಇಳಿಯದಂತೆ ಕಾಯುವ ಒಂದು ತೇಲುಗುಂಡು. ನಮ್ಮ ಮಹಡಿಯ ನೀರಿನ ಟ್ಯಾಂಕಿನಲ್ಲಿ ಇರುವಂಥದೇ. ಸ್ಕೂಟರ್ ವಾಲಿಸಿದಾಗ ಆಗುತ್ತಿದ್ದದ್ದು ಇಷ್ಟು: ಬಟ್ಟಲಿನ ಮಟ್ಟ ತಪ್ಪಿ ಒಂದಿಷ್ಟು ಪೆಟ್ರೋಲು ಕೊಳವೆಗೆ ಹರಿಯುತ್ತಿತ್ತು.

ಈಗ ಫ್ಲಿಟ್ ಪಂಪನ್ನು ನಿಧಾನವಾಗಿ ತಳ್ಳಿ ನೋಡಿ. ಹೊಗೆ ಬರುವುದಿಲ್ಲ, ತೊಟತೊಟ ಹನಿ ಬೀಳುತ್ತದೆ. ಗಾಳಿಯ ವೇಗ ಅರ್ಧವಾದರೆ ಎಳೆತದ ಬಲ ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಚಾಲೂ ಇರುವ ಎಂಜಿನ್ ನಿಮಿಷಕ್ಕೆ ಸಾವಿರಗಟ್ಟಲೆ ಸುತ್ತು ತಿರುಗುತ್ತದೆ. ಹಗ್ಗ ಎಳೆಯುವ ತೋಳು ಅದನ್ನು ಕೆಲವು ನೂರರ ವೇಗಕ್ಕೆ, ಅದೂ ಒಂದೆರಡು ಕ್ಷಣಕ್ಕಷ್ಟೇ ಒಯ್ಯಬಲ್ಲದು. ಚಳಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ತೋಳಿನ ಬಲವನ್ನು ಅದೂ ಒಂದಿಷ್ಟು ತಿನ್ನುತ್ತದೆ. ಹೀಗಾಗಿ ಬೆಳಗಿನ ಹೊತ್ತು ಜೆಟ್ಟಿನಿಂದ ಬರುವುದು ಕಡಿಮೆ, ಬಂದದ್ದೂ ದಪ್ಪ ಹನಿ. ದಪ್ಪ ಹನಿಗೆ ಮೈ ಕಮ್ಮಿ, ತೂಕ ಜಾಸ್ತಿ. ಹಾರಲು ಪುರುಸೊತ್ತಿಲ್ಲದೆ ತಣ್ಣನೆಯ ಲೋಹದ ಗೋಡೆಗೆ ಬಡಿದು, ಗೋಡೆ ಹಿಡಿದು ಇಳಿಯುತ್ತದೆ. ಟೂ-ಸ್ಟ್ರೋಕ್ ಔಟ್‌ಬೋರ್ಡಿನಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಅಲ್ಲಿ ಬೆರಕೆ ನೇರವಾಗಿ ಸಿಲಿಂಡರಿಗೆ ಹೋಗದೆ ಮೊದಲು ಕೆಳಗಿನ ಕ್ರ್ಯಾಂಕ್ ಕೋಣೆ ಹೊಕ್ಕು, ಅಲ್ಲಿಂದ ಮೇಲೇರಬೇಕು. ದಾರಿಯುದ್ದಕ್ಕೂ ತಣ್ಣನೆಯ ಗೋಡೆ.

ಇದರ ಜೊತೆ ಒತ್ತಿದ ಗಾಳಿಯ ಶಾಖದ ಮಾತೂ ಇದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಹಾಗೆ ಪಿಸ್ಟನ್ ಒತ್ತಿದಾಗ ಸಿಲಿಂಡರಿನ ಗಾಳಿ ಬಿಸಿಯಾಗಿ ಅಳಿದುಳಿದ ಹನಿಗಳನ್ನು ಹಾರಿಸಬೇಕು. ನಿಧಾನವಾಗಿ ಒತ್ತಿದರೆ ಆ ಶಾಖವನ್ನು ತಣ್ಣನೆಯ ಲೋಹವೇ ಹೀರಿಬಿಡುತ್ತದೆ. ಆದರೆ ಪ್ರತಿ ಎಳೆತವೂ ಒಂದು ಚೂರು ಶಾಖವನ್ನು ಒಳಗೆ ಬಿಟ್ಟೇ ಹೋಗುತ್ತದೆ. ಹನ್ನೊಂದನೇ ಎಳೆತಕ್ಕೆ ಫಲ ಸಿಕ್ಕಿದ್ದರಲ್ಲಿ ಹಿಂದಿನ ಹತ್ತರ ಪಾಲೂ ಇತ್ತು.

ಉಸಿರು ಕಟ್ಟಿಸುವ ಮುಚ್ಚಳ

ಹಾಗಾದರೆ ಪರಿಹಾರ? ಚೋಕ್. ಇಂಗ್ಲಿಷಿನಲ್ಲಿ ಆ ಮಾತಿನ ಅರ್ಥ ಉಸಿರು ಕಟ್ಟಿಸುವುದು, ಕೆಲಸವೂ ಅಕ್ಷರಶಃ ಅದೇ. ಕಾರ್ಬುರೇಟರಿನ ಬಾಯಲ್ಲಿ ಒಂದು ತಗಡಿನ ಮುಚ್ಚಳವಿದೆ. ಗುಂಡಿ ಎಳೆದರೆ ಅದು ಗಾಳಿಯ ದಾರಿಗೆ ಅಡ್ಡ ನಿಲ್ಲುತ್ತದೆ. ಪಿಸ್ಟನ್ ಎಳೆಯುತ್ತಲೇ ಇದೆ, ಹೊರಗಿನ ಗಾಳಿ ಬರುತ್ತಿಲ್ಲ. ಆಗ ಆ ಎಳೆತವೆಲ್ಲ ಜೆಟ್ಟಿನ ಮೇಲೆ ಬೀಳುತ್ತದೆ. ಎಳನೀರಿನ ಬುರುಡೆಗೆ ಬಾಯಿ ಒತ್ತಿ ಸ್ಟ್ರಾದಲ್ಲಿ ಎಳೆದ ಹಾಗೆ, ಪೆಟ್ರೋಲು ಧಾರಾಳವಾಗಿ ನುಗ್ಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನಕ್ಕಿದೆ. ತಣ್ಣಗಿರುವ ಎಂಜಿನ್ನಿಗೆ ಹೆಚ್ಚು ಪೆಟ್ರೋಲು ‘ಬೇಕು’ ಎಂದುಕೊಳ್ಳುತ್ತಾರೆ. ನಿಜವಾಗಿ ಅದಕ್ಕೆ ಬೇಕಾದದ್ದು ಎಂದಿನಷ್ಟೇ ಆವಿ. ಹತ್ತು ಜನರನ್ನು ಕರೆದರೆ ಒಬ್ಬರು ಬರುವ ಊರಿನಲ್ಲಿ ಐವರು ಬೇಕಿದ್ದರೆ ಐವತ್ತು ಜನಕ್ಕೆ ಹೇಳಿಕಳಿಸುವುದಿಲ್ಲವೇ? ಹಾಗೆ. ಪೆಟ್ರೋಲಿನ ಹಗುರ ಪಾಲು ಮಾತ್ರ ಈ ಚಳಿಯಲ್ಲಿ ಹಾರುವುದರಿಂದ, ಎಂದಿಗಿಂತ ಹಲವು ಪಟ್ಟು ದ್ರವ ಸುರಿದು, ಅದರೊಳಗಿನ ಹಗುರ ಪಾಲನ್ನಷ್ಟೇ ಆರಿಸಿಕೊಳ್ಳುವುದು ಚೋಕಿನ ಉಪಾಯ. ಉಳಿದ ಭಾರದ ಪಾಲು ಆ ಹೊತ್ತಿಗೆ ಬರೀ ದಂಡ. ಎಂಜಿನ್ ಎದ್ದಾಗ ಕಂಡ ಹೊಗೆಯಲ್ಲಿ, ಕೆರೆಯ ಮೇಲೆ ಹರಡಿದ ಬಣ್ಣಬಣ್ಣದ ತೆಳುಪೊರೆಯಲ್ಲಿ ಆ ದಂಡವೂ ಇತ್ತು. ಮುಚ್ಚಳಕ್ಕೆ ಇನ್ನೊಂದು ಗುಣವೂ ಇದೆ. ಬೆಟ್ಟದ ಮೇಲೆ ನೀರು ಬೇಗ ಕುದಿಯುವಂತೆ, ಮುಚ್ಚಳದ ಹಿಂದಿನ ಕಡಿಮೆ ಒತ್ತಡದಲ್ಲಿ ಪೆಟ್ರೋಲು ಸುಲಭವಾಗಿ ಹಾರುತ್ತದೆ.

ಎಂಜಿನ್ ಕೆಮ್ಮಿದ ಕೂಡಲೇ ಮುಚ್ಚಳವನ್ನು ಅರ್ಧ ತೆರೆಯಬೇಕು. ಎಂಟನೇ ಎಳೆತದ ಕೆಮ್ಮು ಎಂದರೆ ಸಿಲಿಂಡರಿನ ಒಳಗಿನ ಗಾಳಿ ಹೊತ್ತುವ ಕಿಂಡಿಯ ಅಂಚಿಗೆ ಬಂದಿದೆ ಎಂದರ್ಥ. ಅಲ್ಲಿಂದಾಚೆಗೂ ಪೂರ್ತಿ ಮುಚ್ಚಿ ಎಳೆಯುತ್ತ ಹೋದರೆ ದ್ರವ ಪೆಟ್ರೋಲು ಪ್ಲಗ್ಗಿನ ತುದಿಯನ್ನೇ ತೋಯಿಸಿಬಿಡುತ್ತದೆ. ಕಿಡಿ ಹಾರಬೇಕಾದ ಕೂದಲೆಳೆ ಅಂತರದಲ್ಲಿ ಹನಿ ಕೂತರೆ ಕಿಡಿ ಹಾರುವುದು ಹೇಗೆ? ಇದನ್ನೇ ಎಂಜಿನ್ ‘ಫ್ಲಡ್’ ಆಯಿತು ಎನ್ನುವುದು.

ಪ್ಲಗ್ಗು ಹೇಳುವ ಸಾಕ್ಷಿ

ಕಾರಣ ತಿಳಿದ ಮೇಲೆ ದೋಷ ಹುಡುಕುವ ದಾರಿಯೂ ತಾನೇ ತೆರೆದುಕೊಳ್ಳುತ್ತದೆ. ಪೆಟ್ರೋಲು ಟ್ಯಾಂಕಿನಿಂದ ಹೊರಟು ಆವಿಯಾಗಿ ಕಿಡಿಯನ್ನು ಸೇರುವವರೆಗೆ ಒಂದು ಯಾತ್ರೆ. ಅದು ಎಲ್ಲಿ ನಿಂತಿದೆ ಎಂದು ಕೇಳಿದರೆ ಸಾಕು. ಆದರೆ ಅದಕ್ಕೂ ಮೊದಲು ಉಸ್ತಾದ್ ನೋಡುವುದು ಒಂದು ಕೆಂಪು ಹುರಿಯನ್ನು. ಚಾಲಕ ನೀರಿಗೆ ಬಿದ್ದರೆ ಎಂಜಿನ್ ತಾನಾಗಿ ನಿಲ್ಲಲೆಂದು ಅವನ ಮಣಿಕಟ್ಟಿಗೂ ಎಂಜಿನ್ನಿನ ಸ್ವಿಚ್ಚಿಗೂ ನಡುವೆ ಕಟ್ಟುವ ಸುರುಳಿ ಹುರಿ ಅದು. ಅದರ ಕ್ಲಿಪ್ಪು ಸ್ವಿಚ್ಚಿನಲ್ಲಿ ಕೂತಿರದಿದ್ದರೆ ಕಿಡಿಯೇ ಹುಟ್ಟುವುದಿಲ್ಲ, ಎಷ್ಟು ಎಳೆದರೂ ವ್ಯರ್ಥ. ಅನುಭವಿಗಳೂ ಇದನ್ನು ಮರೆತು ತೋಳು ನೋಯಿಸಿಕೊಳ್ಳುತ್ತಾರೆ.

ಆಮೇಲೆ ಟ್ಯಾಂಕ್. ದೋಣಿಯ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಒಂದು ಗಾಳಿತಿರುಪು ಇರುತ್ತದೆ. ಸಾಗಿಸುವಾಗ ಚೆಲ್ಲದಿರಲೆಂದು ಬಿಗಿದದ್ದನ್ನು ಓಡಿಸುವಾಗ ಸಡಿಲಿಸದಿದ್ದರೆ ಒಳಗೆ ಗಾಳಿ ಹೋಗದೆ ಎಣ್ಣೆ ಹೊರಗೆ ಬರುವುದಿಲ್ಲ. ಡಬ್ಬಿಯಿಂದ ಎಣ್ಣೆ ಸುರಿಯುವಾಗ ನಾವು ಎರಡನೇ ತೂತು ಕೊರೆಯುವುದು ಇದಕ್ಕೇ. ಕೊಳವೆಯ ನಡುವೆ ಕೋಳಿಮೊಟ್ಟೆಗಿಂತ ದೊಡ್ಡ ರಬ್ಬರ್ ಉಂಡೆ ಇದೆ. ರಾತ್ರಿಯಿಡೀ ನಿಂತ ಕೊಳವೆ ಖಾಲಿಯಾಗಿರುತ್ತದೆ. ಬಾಣದ ಗುರುತು ಮೇಲ್ಮುಖವಾಗಿರುವಂತೆ ಹಿಡಿದು, ಉಂಡೆ ಗಟ್ಟಿಯಾಗುವವರೆಗೆ ಹಿಚುಕಬೇಕು. ಹಳೆಯ ಕೈಪಂಪಿಗೆ ಮೊದಲು ಒಂದು ತಂಬಿಗೆ ನೀರು ಸುರಿದ ಹಾಗೆ ಇದು. ಎಷ್ಟು ಹಿಚುಕಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಟ್ಯಾಂಕು ಬರಿದು.

ಇಷ್ಟೆಲ್ಲ ಸರಿಯಿದ್ದೂ ಏಳದಿದ್ದರೆ ಪ್ಲಗ್ಗು ಬಿಚ್ಚಬೇಕು. ಅವತ್ತು ಏಳನೇ ಎಳೆತದ ಮೇಲೆ ಉಸ್ತಾದ್ ಬಿಚ್ಚಿದ್ದು ಅದನ್ನೇ. ಕಿರುಬೆರಳಿನಷ್ಟು ಉದ್ದದ ಆ ಸಾಮಾನು ಒಳಗಿನ ಕಥೆಯನ್ನೆಲ್ಲ ಹೇಳಿಬಿಡುತ್ತದೆ. ತುದಿ ಒಣಗಿದ್ದರೆ ಪೆಟ್ರೋಲು ಅಲ್ಲಿಗೆ ತಲುಪಿಯೇ ಇಲ್ಲ. ಕೊಳವೆ, ಬಟ್ಟಲು, ಜೆಟ್ಟು ನೋಡಬೇಕು. ಒದ್ದೆಯಾಗಿದ್ದರೆ ತಲುಪಿದೆ, ಹಾರಿಲ್ಲ, ಅಥವಾ ಕಿಡಿ ಇಲ್ಲ. ಕಪ್ಪು ಮಸಿ ಅಂಟಿದ್ದರೆ ಬಹುದಿನಗಳಿಂದ ಎಣ್ಣೆ ಹೆಚ್ಚಾಗುತ್ತಿದೆ. ನಮ್ಮ ಪ್ಲಗ್ಗು ಒದ್ದೆಯಾಗಿತ್ತು. ಉಸ್ತಾದ್ ಅದನ್ನು ಮೂಗಿನ ಬಳಿ ಹಿಡಿದು ನನಗೂ ಕೊಟ್ಟರು. ಪಂಪಿನಲ್ಲಿ ಬರುವ ಚುರುಕು ವಾಸನೆ ಇರಲಿಲ್ಲ. ಹಳೆಯ ವಾರ್ನಿಷ್‌ನಂಥ ಮಂದ ವಾಸನೆ ಇತ್ತು.

ಅವರು ಆಗ ಮಾಡಿ ತೋರಿಸಿದ್ದನ್ನು ನಾನು ಮರೆಯುವುದಿಲ್ಲ. ಕಾರ್ಬುರೇಟರಿನ ಬಟ್ಟಲಿನ ತಳದ ತಿರುಪು ಬಿಚ್ಚಿ ಐದಾರು ಹನಿ ತಮ್ಮ ಎಡ ಅಂಗೈಗೆ ಬಿಟ್ಟುಕೊಂಡರು. ಬಲ ಅಂಗೈಗೆ ಹಿಂದಿನ ದಿನ ತಂದ ಕ್ಯಾನಿನಿಂದ ಅಷ್ಟೇ ಹನಿ. ಎರಡೂ ಕೈ ಚಾಚಿ ನಿಂತರು. ಬಲಗೈಯ ಹನಿ ನೋಡನೋಡುತ್ತ ಅಂಚಿನಿಂದ ಒಣಗುತ್ತ ಬಂದು ಮಾಯವಾಯಿತು, ಅಂಗೈ ಮಾತ್ರ ಐಸ್ ಇಟ್ಟಂತೆ ತಣ್ಣಗೆ. ಎಡಗೈಯದು ಜಿಡ್ಡುಜಿಡ್ಡಾಗಿ, ತೆಳು ಹಳದಿಯಾಗಿ ಹಾಗೇ ಕೂತಿತ್ತು. “ನೋಡ್ರಿ, ಇದು ಮುದುಕ ಆಗ್ಯಾದ” ಎಂದರು.

ಮುಚ್ಚಳ ತೆಗೆದಿಟ್ಟ ಅತ್ತರಿನ ಕಥೆಯೇ ಇದು. ಎಂಜಿನ್ ಮೂರು ತಿಂಗಳು ನಿಂತಿತ್ತು. ಬಟ್ಟಲಿನಲ್ಲಿದ್ದ ಚೂರು ಪೆಟ್ರೋಲಿನಿಂದ ಹಗುರ ಪಾಲು ಮೆಲ್ಲಗೆ ಹಾರಿಹೋಗಿ ಭಾರದ ಪಾಲಷ್ಟೇ ಉಳಿದಿತ್ತು. ಚೋಕ್ ಎಷ್ಟೇ ಎಳೆದರೂ ಆರಿಸಿಕೊಳ್ಳಲು ಹಗುರ ಪಾಲೇ ಇಲ್ಲದ ಮೇಲೆ ಅದು ತಾನೇ ಏನು ಮಾಡೀತು? ಇನ್ನಷ್ಟು ಕಾಲ ಬಿಟ್ಟಿದ್ದರೆ ಅದು ಅಂಟಿನಂತಾಗಿ ಜೆಟ್ಟಿನ ಸೂಜಿಗಣ್ಣಿನಷ್ಟು ತೂತನ್ನೇ ಮುಚ್ಚುತ್ತಿತ್ತು. ಉಸ್ತಾದ್ ಬಟ್ಟಲು ಖಾಲಿ ಮಾಡಿದರು, ಪ್ಲಗ್ಗನ್ನು ಬಟ್ಟೆಯಿಂದ ಒರೆಸಿ ಒಣಗಿಸಿದರು, ಉಂಡೆ ಹಿಚುಕಿ ಹೊಸ ಎಣ್ಣೆ ತುಂಬಿದರು. ಆಮೇಲಿನ ಮೊದಲ ಎಳೆತವೇ ಆ ಎಂಟನೇ ಎಳೆತದ ಕೆಮ್ಮು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲಕ್ಕೆ ಹೋಗಿ ಚದುರುವುದಿಲ್ಲ, ದೋಣಿಯ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಎಂಜಿನ್ನಿನಲ್ಲಿ ಹತ್ತದ ಕಿಡಿ ಅಲ್ಲಿ ಹತ್ತಿಬಿಡಬಹುದು. ಬಿಚ್ಚಿದ ಪ್ಲಗ್ಗನ್ನು ತೆರೆದ ಸಿಲಿಂಡರಿನ ಬಾಯಿಯ ಹತ್ತಿರ ಹಿಡಿದು ಕಿಡಿ ಪರೀಕ್ಷಿಸುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ. ಮಕ್ಕಳು ಸುತ್ತ ನಿಂತಿರುವ ಕಡೆ ಆ ಕೆಲಸ ಬೇಡವೇ ಬೇಡ.

ಎರಡು ಎಣ್ಣೆಯ ದೋಣಿಗಳು

ಹಾರುವ ಪಾಲಿನ ಮಹತ್ವವನ್ನು ನಮ್ಮ ಕರಾವಳಿಯ ನಾಡದೋಣಿಯವರಷ್ಟು ದಿನನಿತ್ಯ ಬಲ್ಲವರು ಕಡಿಮೆ. ಉಡುಪಿ, ಕುಂದಾಪುರ, ಕಾಸರಗೋಡಿನ ಕಡೆ ಸಣ್ಣ ದೋಣಿಗಳ ಔಟ್‌ಬೋರ್ಡುಗಳು ಬಹುಕಾಲ ಓಡಿದ್ದು ಸೀಮೆಎಣ್ಣೆಯಲ್ಲಿ. ಆದರೆ ಚಾಲೂ ಮಾಡುವುದು ಮಾತ್ರ ಪೆಟ್ರೋಲಿನಲ್ಲಿ. ಸೀಮೆಎಣ್ಣೆಯೆಲ್ಲ ಭಾರದ ಪಾಲೇ. ಸುಮಾರು 35ರಿಂದ 40 ಡಿಗ್ರಿ ಬಿಸಿಯಾಗುವವರೆಗೆ ಅದರ ಮೇಲೆ ಹೊತ್ತುವಷ್ಟು ಆವಿಯೇ ಏಳುವುದಿಲ್ಲ. ಪೆಟ್ರೋಲಾದರೋ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತುವಷ್ಟು ಆವಿ ಕೊಡಬಲ್ಲದು. ಪೆಟ್ರೋಲು ಎಂಜಿನ್ನನ್ನು ಎಬ್ಬಿಸಿ ಬಿಸಿ ಮಾಡಿಕೊಡುತ್ತದೆ, ಆ ಬಿಸಿ ಸೀಮೆಎಣ್ಣೆಯನ್ನು ಹಾರಿಸುತ್ತದೆ.

ಅದಕ್ಕಿಂತ ಜಾಣತನದ್ದು ಅವರು ಮರಳಿ ಬರುವಾಗ ಮಾಡುವ ಕೆಲಸ. ದಡ ಹತ್ತಿರವಾಗುತ್ತಿದ್ದಂತೆ ಮತ್ತೆ ಪೆಟ್ರೋಲಿಗೆ ಬದಲಿಸುತ್ತಾರೆ. ಆಗಿನ ಓಟಕ್ಕೆ ಅದರಿಂದ ಲಾಭವಿಲ್ಲ. ಬಟ್ಟಲಿನಲ್ಲಿ ಉಳಿದ ಸೀಮೆಎಣ್ಣೆ ಖರ್ಚಾಗಿ, ನಾಳೆ ಮಳೆಯಲ್ಲಿ ಎಳೆಯುವ ಮೊದಲ ಎಳೆತಕ್ಕೆ ಜೆಟ್ಟಿನ ಕೆಳಗೆ ಪೆಟ್ರೋಲು ಇರಲೆಂದು.

ಬ್ರೆಜಿಲಿನವರೂ ಇದೇ ಉಪಾಯಕ್ಕೆ ಬಂದರು. 1979ರಲ್ಲಿ ಅಲ್ಲಿ ಪೂರ್ತಿ ಎಥನಾಲಿನಿಂದ ಓಡುವ ಕಾರು ಮಾರುಕಟ್ಟೆಗೆ ಬಂತು. ಎಥನಾಲು ಕೂಟವಲ್ಲ, ಒಂಟಿ. 78 ಡಿಗ್ರಿಯ ಒಂದೇ ಕುದಿಬಿಂದು, ಹಗುರ ಪಾಲು ಎಂಬುದೇ ಇಲ್ಲ. ಸುಮಾರು 13 ಡಿಗ್ರಿಗಿಂತ ಕೆಳಗೆ ಅದು ಹೊತ್ತುವಷ್ಟು ಆವಿ ಕೊಡುವುದಿಲ್ಲ, ಹಾರಲು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಕೇಳುತ್ತದೆ. ಹಾಗಾಗಿ ಬಾನೆಟ್ಟಿನ ಕೆಳಗೆ ಒಂದು ಪುಟ್ಟ ಪೆಟ್ರೋಲ್ ಟ್ಯಾಂಕ್ ಇಟ್ಟು, ಚಳಿಯ ಬೆಳಗಿಗೆ ಅದರಿಂದ ಎಬ್ಬಿಸುತ್ತಿದ್ದರು.

ನಮಗೂ ಇದು ಈಗ ದೂರದ ಮಾತಲ್ಲ. ಶೇ 20 ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು, ಈಗ ಎಲ್ಲ ಕಡೆಯೂ ಅದೇ. ಉಳಿದ 80 ಪಾಲಿನಲ್ಲಿ ಹಗುರ ಪಾಲು ಇರುವುದರಿಂದ ಹೈದರಾಬಾದಿನ ಚಳಿಗೆ ಎಂಜಿನ್ ಏಳುತ್ತದೆ. ದೋಣಿಯವರಿಗೆ ತೊಂದರೆ ಬೇರೆ ಕಡೆಯಿಂದ. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ಕೆರೆಯ ಮೇಲಿನ ತೇವದ ಗಾಳಿಯನ್ನು ಟ್ಯಾಂಕು ದಿನವೂ ಉಸಿರಾಡುತ್ತಿದ್ದರೆ, ನೀರು ಒಂದು ಮಿತಿ ದಾಟಿದಾಗ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಎಣ್ಣೆ ಎಳೆಯುವ ಕೊಳವೆಯ ತುದಿ ಇರುವುದೂ ತಳದಲ್ಲೇ. ಆಗ ಕಾರ್ಬುರೇಟರಿಗೆ ಹೋಗುವುದು ಎಂಥ ಚೋಕಿಗೂ ಹಾರದ ದ್ರವ.

ಆ ಭಾನುವಾರ ಹನ್ನೊಂದು ಗಂಟೆಗೆ ಮಕ್ಕಳೆಲ್ಲ ದಡಕ್ಕೆ ಬಂದರು. ಇಬ್ಬರು ಮಗುಚಿದ್ದರು, ಇಬ್ಬರನ್ನೂ ರಕ್ಷಣಾದೋಣಿ ಎರಡೇ ನಿಮಿಷದಲ್ಲಿ ತಲುಪಿತ್ತು. ದೋಣಿಯನ್ನು ಕಟ್ಟಿದ ಮೇಲೂ ಉಸ್ತಾದ್ ಎಂಜಿನ್ ಆರಿಸಲಿಲ್ಲ. ಎಂಜಿನ್ನನ್ನು ತಂಪಾಗಿಸುವ ನೀರಿನ ಧಾರೆ ಹಿಂಬದಿಯಿಂದ ಚಿಮ್ಮುತ್ತಿದೆಯೇ ನೋಡಿಕೊಂಡು, ಪೆಟ್ರೋಲಿನ ಕೊಳವೆಯನ್ನು ಎಂಜಿನ್ನಿನಿಂದ ಕಳಚಿ ಪಕ್ಕಕ್ಕಿಟ್ಟರು. ಎಂಜಿನ್ ಓಡುತ್ತಲೇ ಇತ್ತು. ಒಂದು ನಿಮಿಷ, ಎರಡು ನಿಮಿಷ. ಬಟ್ಟಲು ಬರಿದಾಗುತ್ತ ಬಂದಾಗ ಸದ್ದು ಒಮ್ಮೆ ಏರಿ, ತೊದಲಿ, ನಿಂತಿತು. ಮುಂದಿನ ಭಾನುವಾರಕ್ಕೆ ಒಳಗೆ ಮುದುಕಾಗುವ ಎಣ್ಣೆ ಒಂದು ಹನಿಯೂ ಉಳಿದಿರಲಿಲ್ಲ.